ಜೋಡಿ ಮತ್ತು ಒಂಟಿ ನಿಯಂತ್ರಣ ವ್ಯವಸ್ಥೆಗಳ ಗೇಟ್‌ವೇ ಸಂಪರ್ಕ

ಜೋಡಿ ಮತ್ತು ಒಂಟಿ ನಿಯಂತ್ರಣ ವ್ಯವಸ್ಥೆಗಳ ಗೇಟ್‌ವೇ ಸಂಪರ್ಕ ಎಂಬುದು ಕೈಗಾರಿಕಾ ಸ್ವಯಂಚಾಲನ ಕ್ಷೇತ್ರದ ಒಂದು ವಿಧಾನ. ಒಂದು ನಿಯಂತ್ರಕ ಕೆಟ್ಟರೂ ಕೆಲಸ ನಿಲ್ಲದಂತೆ ಇನ್ನೊಂದನ್ನು ಸಿದ್ಧವಾಗಿ ಇಟ್ಟುಕೊಂಡಿರುವ ವ್ಯವಸ್ಥೆಯನ್ನು, ಅಂತಹ ಮೀಸಲು ಇಲ್ಲದ ಯಂತ್ರ ಅಥವಾ ಉಪಕರಣಗಳೊಂದಿಗೆ ಗೇಟ್‌ವೇ ಎಂಬ ಮಧ್ಯವರ್ತಿ ಸಾಧನದ ಮೂಲಕ ಈ ವಿಧಾನದಲ್ಲಿ ಸೇರಿಸಲಾಗುತ್ತದೆ. ವಿದ್ಯುತ್ ಸ್ಥಾವರ, ತೈಲ ಶುದ್ಧೀಕರಣ ಘಟಕ, ರಾಸಾಯನಿಕ ಕಾರ್ಖಾನೆ, ನೀರು ಸರಬರಾಜು ಕೇಂದ್ರ ಮತ್ತು ವಿದ್ಯುತ್ ಉಪಕೇಂದ್ರಗಳಲ್ಲಿ ಇದರ ಬಳಕೆ ಸಾಮಾನ್ಯವಾಗಿದೆ. ಗೇಟ್‌ವೇ ಎರಡು ವ್ಯವಸ್ಥೆಗಳ ನಡುವೆ ಮಾಹಿತಿಯನ್ನು ಸಾಗಿಸುತ್ತದೆಯೇ ಹೊರತು, ಒಂಟಿ ಸಾಧನಕ್ಕೆ ಜೋಡಿ ವ್ಯವಸ್ಥೆಯ ವಿಶ್ವಾಸಾರ್ಹತೆಯನ್ನು ತಂದುಕೊಡುವುದಿಲ್ಲ. ಮೀಸಲು ಎಲ್ಲಿ ಕೊನೆಗೊಳ್ಳುತ್ತದೆ ಎಂಬುದನ್ನು ಮೊದಲೇ ಗುರುತಿಸಿ, ಆ ಬಿಂದುವಿನಲ್ಲಿ ವೈಫಲ್ಯ ಉಂಟಾದಾಗ ಏನಾಗಬೇಕೆಂದು ನಿರ್ಧರಿಸುವುದು ಇಂತಹ ಸಂಪರ್ಕದ ವಿನ್ಯಾಸದ ಮುಖ್ಯ ಭಾಗವಾಗಿದೆ.

ಪರಿಭಾಷೆ

ಒಂದೇ ಕೆಲಸಕ್ಕೆ ಎರಡು ಅಥವಾ ಹೆಚ್ಚು ಘಟಕಗಳನ್ನು ಇರಿಸಿ, ಒಂದು ವಿಫಲವಾದಾಗ ಮತ್ತೊಂದು ಹೊಣೆಯನ್ನು ವಹಿಸಿಕೊಳ್ಳುವಂತೆ ರೂಪಿಸಿದ ವ್ಯವಸ್ಥೆಯನ್ನು ಎಂಜಿನಿಯರುಗಳು ರಿಡಂಡೆಂಟ್ ವ್ಯವಸ್ಥೆ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ಜೋಡಿ ವ್ಯವಸ್ಥೆ ಎಂದೂ, ಮೀಸಲು ಇಲ್ಲದ್ದನ್ನು ಒಂಟಿ ವ್ಯವಸ್ಥೆ ಎಂದೂ ಕರೆಯಲಾಗಿದೆ. ಜೋಡಿಯಲ್ಲಿ ಕೆಲಸ ನಡೆಸುತ್ತಿರುವ ಘಟಕವು ಸಕ್ರಿಯ ಘಟಕ. ಕಾದು ನಿಂತಿರುವುದು ಮೀಸಲು ಘಟಕ. ಹೊಣೆಯು ಒಂದರಿಂದ ಇನ್ನೊಂದಕ್ಕೆ ದಾಟುವ ಕ್ರಿಯೆಗೆ ಸ್ಥಾನಾಂತರ ಎಂದು ಹೆಸರು.

ಮೀಸಲು ಘಟಕದ ಸಿದ್ಧತೆಯನ್ನು ಅನುಸರಿಸಿ ಮೂರು ಬಗೆಗಳನ್ನು ಗುರುತಿಸಲಾಗುತ್ತದೆ. ಶೀತ ಮೀಸಲು ಎಂದರೆ ವಿದ್ಯುತ್ ಹರಿಸದೆ ಇಟ್ಟಿರುವ ಬದಲಿ ಘಟಕ; ಅದನ್ನು ಚಾಲನೆಗೆ ತರಲು ಸಮಯ ಬೇಕು. ಬೆಚ್ಚಗಿನ ಮೀಸಲು ಚಾಲನೆಯಲ್ಲಿದ್ದರೂ ಅದರ ಮಾಹಿತಿ ಸ್ವಲ್ಪ ಹಿಂದಿನದಾಗಿರುತ್ತದೆ. ಬಿಸಿ ಮೀಸಲು ಸಕ್ರಿಯ ಘಟಕದೊಂದಿಗೆ ಸತತವಾಗಿ ಹೊಂದಿಕೊಂಡು ನಡೆಯುವುದರಿಂದ, ಸ್ಥಾನಾಂತರವು ಪ್ರಕ್ರಿಯೆಗೆ ಅರಿವಾಗದಷ್ಟು ಬೇಗ ಆಗುತ್ತದೆ.

ಗೇಟ್‌ವೇ ಎಂಬುದು ಎರಡು ಬೇರೆ ಬೇರೆ ಜಾಲಗಳ ನಡುವೆ ನಿಂತು, ಒಂದರ ಸಂವಹನ ನಿಯಮಗಳನ್ನು ಇನ್ನೊಂದರ ನಿಯಮಗಳಿಗೆ ಪರಿವರ್ತಿಸುವ ಸಾಧನ. ಇಂತಹ ನಿಯಮಾವಳಿಗೆ ಪ್ರೋಟೊಕಾಲ್ ಎನ್ನುತ್ತಾರೆ.

ಹಿನ್ನೆಲೆ

1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಡಿಕ್ ಮಾರ್ಲೆ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಮೋಡಿಕಾನ್ 084 ಎಂಬ ಸಾಧನವು ಪಿಎಲ್‌ಸಿ ಎಂದು ಪ್ರಸಿದ್ಧವಾದ ನಿಯಂತ್ರಕಗಳ ಪೈಕಿ ಮೊದಲನೆಯದೆಂದು ಪರಿಗಣಿತವಾಗಿದೆ. 1975ರಲ್ಲಿ ಹನಿವೆಲ್ ಸಂಸ್ಥೆಯ ಟಿಡಿಸಿ 2000 ಮತ್ತು ಜಪಾನಿನ ಯೊಕೊಗಾವಾ ಸಂಸ್ಥೆಯ ಸೆಂಟಮ್ ಎಂಬ ವಿಕೇಂದ್ರಿತ ನಿಯಂತ್ರಣ ವ್ಯವಸ್ಥೆಗಳು ಬಂದವು. ಡಿಸಿಎಸ್ ಎಂಬ ಸಂಕ್ಷಿಪ್ತ ನಾಮದಿಂದ ಕರೆಯಲಾಗುವ ಈ ವರ್ಗದ ವ್ಯವಸ್ಥೆಗಳು ಹಗಲಿರುಳು ನಡೆಯುವ ದೊಡ್ಡ ಸ್ಥಾವರಗಳಿಗಾಗಿ ರೂಪುಗೊಂಡವು. ಆದ್ದರಿಂದ ನಿಯಂತ್ರಕ, ವಿದ್ಯುತ್ ಪೂರೈಕೆ ಮತ್ತು ಸಂವಹನ ತಂತಿಗಳನ್ನು ಜೋಡಿಯಾಗಿ ಇಡುವ ಪದ್ಧತಿ ಅವುಗಳಲ್ಲಿ ಬೆಳೆಯಿತು.

ಇದೇ ಕಾಲದಲ್ಲಿ ಸಣ್ಣ ಸಾಧನಗಳ ಲೋಕ ಬೇರೆ ಹಾದಿಯಲ್ಲಿ ಬೆಳೆಯಿತು. 1979ರಲ್ಲಿ ಮೋಡಿಕಾನ್ ಸಂಸ್ಥೆಯು ಮಾಡ್‌ಬಸ್ ಪ್ರೋಟೊಕಾಲನ್ನು ಪ್ರಕಟಿಸಿತು. ಸರಳವೂ ಮುಕ್ತವೂ ಆಗಿದ್ದ ಕಾರಣ ಮೀಟರು, ಮೋಟಾರು ಚಾಲಕ, ವಿಶ್ಲೇಷಕ ಮೊದಲಾದ ಅಸಂಖ್ಯ ಉಪಕರಣಗಳು ಅದನ್ನು ಅಳವಡಿಸಿಕೊಂಡವು. ಜರ್ಮನಿಯಲ್ಲಿ 1987ರಲ್ಲಿ ಆರಂಭವಾದ ಯೋಜನೆಯೊಂದರಿಂದ ಪ್ರೊಫಿಬಸ್ ರೂಪುಗೊಂಡಿತು. ಅದರ ಡಿಪಿ ಎಂಬ ವೇಗದ ರೂಪ 1993ರಲ್ಲಿ ಬಂದಿತು. ಈ ಜಾಲಗಳಿಗೆ ಹೊಂದುವ ಬಹುಪಾಲು ಸಾಧನಗಳಲ್ಲಿ ಇರುವುದು ಒಂದೇ ಸಂವಹನ ದ್ವಾರ. ಎರಡು ದ್ವಾರಗಳ ನಿಯಂತ್ರಕವನ್ನು ಒಂದು ದ್ವಾರದ ಸಾಧನಕ್ಕೆ ಜೋಡಿಸುವ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ.

ಇಂತಹ ಸಂಪರ್ಕದ ಅಗತ್ಯ

ಸ್ಥಾವರವೊಂದರ ಎಲ್ಲ ಭಾಗಗಳನ್ನೂ ಜೋಡಿಯಾಗಿ ಇಡುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಮುಖ್ಯ ನಿಯಂತ್ರಕವು ಸಾವಿರಾರು ಸಂಕೇತಗಳನ್ನು ನಿರ್ವಹಿಸುವುದರಿಂದ ಅದು ಕೆಟ್ಟರೆ ಇಡೀ ಸ್ಥಾವರ ನಿಲ್ಲುತ್ತದೆ. ಅಲ್ಲಿ ಜೋಡಿಯ ವೆಚ್ಚ ಸಮರ್ಥನೀಯ. ಒಂದು ತೂಕದ ಯಂತ್ರ ಅಥವಾ ಶಕ್ತಿಮಾಪಕ ಕೆಟ್ಟರೆ ಆಗುವ ನಷ್ಟ ಅದಕ್ಕೆ ಸೀಮಿತ.

ಇನ್ನೊಂದು ಕಾರಣ ಖರೀದಿಯ ಕ್ರಮಕ್ಕೆ ಸಂಬಂಧಿಸಿದ್ದು. ಗಾಳಿಯ ಕಂಪ್ರೆಸರ್, ನೀರು ಶುದ್ಧೀಕರಣ ಘಟಕ, ಡೀಸೆಲ್ ಜನರೇಟರ್ ಮೊದಲಾದವು ತಯಾರಕರಿಂದ ತಮ್ಮದೇ ಆದ ಸಣ್ಣ ನಿಯಂತ್ರಕದೊಂದಿಗೆ ಸಿದ್ಧವಾಗಿಯೇ ಬರುತ್ತವೆ. ಅವುಗಳ ಒಳಗಿನ ನಿಯಂತ್ರಣವನ್ನು ಬದಲಿಸಲು ಕೊಳ್ಳುವವರಿಗೆ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಮೂರನೆಯ ಕಾರಣ ಹಳೆಯ ಉಪಕರಣಗಳು. ನಿಯಂತ್ರಣ ಕೊಠಡಿಯನ್ನು ನವೀಕರಿಸಿದಾಗಲೂ ಕ್ಷೇತ್ರದಲ್ಲಿರುವ ಸುಸ್ಥಿತಿಯ ಯಂತ್ರಗಳನ್ನು ಉಳಿಸಿಕೊಳ್ಳುವುದು ವಾಡಿಕೆ.

ಗೇಟ್‌ವೇಯ ಕಾರ್ಯವಿಧಾನ

ಗೇಟ್‌ವೇಗೆ ಎರಡು ಮುಖಗಳಿರುತ್ತವೆ. ಮೇಲ್ಮುಖವು ಜೋಡಿ ನಿಯಂತ್ರಕಗಳ ಜಾಲಕ್ಕೂ, ಕೆಳಮುಖವು ಒಂಟಿ ಸಾಧನಗಳ ಜಾಲಕ್ಕೂ ಸೇರಿರುತ್ತದೆ. ಇವೆರಡರ ನಡುವೆ ಒಂದು ಸ್ಮೃತಿಕೋಷ್ಟಕ ಇರುತ್ತದೆ. ಕೆಳಮುಖವು ಪ್ರತಿಯೊಂದು ಸಾಧನವನ್ನೂ ಸರದಿಯಂತೆ ಪ್ರಶ್ನಿಸಿ, ಬಂದ ಉತ್ತರವನ್ನು ಕೋಷ್ಟಕದಲ್ಲಿ ಬರೆಯುತ್ತದೆ. ನಿಯಂತ್ರಕವು ತನಗೆ ಬೇಕಾದಾಗ ಆ ಕೋಷ್ಟಕವನ್ನು ಓದುತ್ತದೆ. ಆದೇಶಗಳು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ.

ಈ ಏರ್ಪಾಡಿನಲ್ಲಿ ಒಂದು ಅಪಾಯ ಅಡಗಿದೆ. ನಿಯಂತ್ರಕವು ಓದುವುದು ಸಾಧನವನ್ನಲ್ಲ, ಕೋಷ್ಟಕವನ್ನು. ಕೆಳಗಿನ ತಂತಿ ತುಂಡಾಗಿದ್ದರೂ ಕೋಷ್ಟಕದಲ್ಲಿ ಕೊನೆಯ ಬಾರಿ ಬರೆದ ಸಂಖ್ಯೆ ಹಾಗೆಯೇ ಉಳಿದಿರಬಹುದು. ಟ್ಯಾಂಕಿನ ನೀರಿನ ಮಟ್ಟ 62 ಶೇಕಡಾ ಎಂದು ಪರದೆಯ ಮೇಲೆ ಗಂಟೆಗಟ್ಟಲೆ ಕಾಣುತ್ತಿದ್ದರೆ, ಮಟ್ಟ ಸ್ಥಿರವಾಗಿದೆಯೋ ಅಥವಾ ಸಂಪರ್ಕ ಕಡಿದಿದೆಯೋ ಎಂಬುದು ಸಂಖ್ಯೆಯೊಂದರಿಂದಲೇ ತಿಳಿಯದು. ಆದ್ದರಿಂದ ಪ್ರತಿ ಮೌಲ್ಯದ ಜೊತೆಗೆ ಅದರ ಗುಣಮಟ್ಟದ ಸೂಚನೆಯನ್ನೂ ಮೇಲಕ್ಕೆ ಕಳುಹಿಸಬೇಕು. ಇದಕ್ಕಾಗಿ ಸಾಧನದಲ್ಲಿ ಸತತವಾಗಿ ಏರುತ್ತಿರುವ ಎಣಿಕೆಯೊಂದನ್ನು ಇರಿಸುವ ರೂಢಿಯಿದೆ. ಎಣಿಕೆ ನಿಂತರೆ ಮಾಹಿತಿ ಹಳೆಯದಾಗಿದೆ ಎಂದು ನಿಯಂತ್ರಕ ತೀರ್ಮಾನಿಸುತ್ತದೆ. ಇಂತಹ ಸಂಕೇತಕ್ಕೆ ಹೃದಯ ಬಡಿತಕ್ಕೆ ಹೋಲಿಸಿ ಹಾರ್ಟ್‌ಬೀಟ್ ಎಂದು ಹೆಸರು.

ಜೋಡಣೆಯ ಬಗೆಗಳು

ಒಂದೇ ಗೇಟ್‌ವೇ: ಎರಡು ಮೇಲ್ಮುಖ ದ್ವಾರಗಳಿರುವ ಒಂದು ಗೇಟ್‌ವೇಯನ್ನು ಎರಡೂ ನಿಯಂತ್ರಕಗಳಿಗೆ ಸೇರಿಸುವುದು ಅತ್ಯಂತ ಸರಳ ವಿಧಾನ. ನಿಯಂತ್ರಕಗಳಲ್ಲಿ ಒಂದು ಕೆಟ್ಟರೆ ಇನ್ನೊಂದು ಅದೇ ಗೇಟ್‌ವೇಯ ಮೂಲಕ ಕೆಲಸ ಮುಂದುವರಿಸುತ್ತದೆ. ಗೇಟ್‌ವೇಯೇ ಕೆಟ್ಟರೆ ಕೆಳಗಿನ ಎಲ್ಲ ಸಾಧನಗಳೂ ಒಮ್ಮೆಗೇ ಕೈತಪ್ಪುತ್ತವೆ. ಎರಡು ವಿಶಾಲ ರಸ್ತೆಗಳು ಒಂದೇ ಕಿರುಸೇತುವೆಯಲ್ಲಿ ಬಂದು ಸೇರಿದಂತೆ ಇದರ ಸ್ಥಿತಿ.

ಜೋಡಿ ಗೇಟ್‌ವೇ: ಎರಡು ಗೇಟ್‌ವೇಗಳನ್ನು ಇರಿಸಿ ಎರಡನ್ನೂ ಒಂದೇ ಕೆಳಜಾಲಕ್ಕೆ ಸೇರಿಸಲಾಗುತ್ತದೆ. ಇಲ್ಲಿ ಪ್ರೋಟೊಕಾಲಿನ ನಿಯಮ ಅಡ್ಡ ಬರುತ್ತದೆ. ಸರಣಿ ತಂತಿಯ ಮೇಲೆ ನಡೆಯುವ ಮಾಡ್‌ಬಸ್‌ನಲ್ಲಿ ಪ್ರಶ್ನಿಸುವ ಅಧಿಕಾರ ಇರುವುದು ಒಬ್ಬ ಮಾಸ್ಟರ್‌ಗೆ ಮಾತ್ರ. 1ರಿಂದ 247ರವರೆಗಿನ ವಿಳಾಸಗಳನ್ನು ಪಡೆದ ಉಳಿದ ಸಾಧನಗಳು ಕೇಳಿದಾಗಲಷ್ಟೇ ಉತ್ತರಿಸಬೇಕು. ಎರಡು ಗೇಟ್‌ವೇಗಳೂ ಒಮ್ಮೆಗೇ ಪ್ರಶ್ನಿಸತೊಡಗಿದರೆ ತಂತಿಯಲ್ಲಿ ಸಂಕೇತಗಳು ಪರಸ್ಪರ ಬೆರೆತು ಕೆಡುತ್ತವೆ. ಆದುದರಿಂದ ಮೀಸಲು ಗೇಟ್‌ವೇ ಮೌನವಾಗಿರಬೇಕು; ಸಕ್ರಿಯ ಗೇಟ್‌ವೇ ನಿಂತಿದೆ ಎಂದು ಖಚಿತವಾದ ಮೇಲೆಯೇ ಮಾತನಾಡಬೇಕು. ಎರಡರ ನಡುವಿನ ಸಂಪರ್ಕ ಮಾತ್ರ ಕಡಿದು ಎರಡೂ ಆರೋಗ್ಯವಾಗಿದ್ದರೆ, ಪ್ರತಿಯೊಂದೂ ಇನ್ನೊಂದು ಸತ್ತಿದೆ ಎಂದು ತಿಳಿದು ಅಧಿಕಾರ ವಹಿಸಿಕೊಳ್ಳುವ ಸಂಭವವಿದೆ. ಇದನ್ನು ತಪ್ಪಿಸಲು ಸಕ್ರಿಯ ಗೇಟ್‌ವೇ ಯಾವುದೆಂಬ ನಿರ್ಣಯವನ್ನು ಮುಖ್ಯ ನಿಯಂತ್ರಕಕ್ಕೆ ಒಪ್ಪಿಸುವುದು ಅಥವಾ ಗೇಟ್‌ವೇಗಳ ನಡುವೆ ಎರಡು ಪ್ರತ್ಯೇಕ ಸಂಪರ್ಕಗಳನ್ನು ಇಡುವುದು ಒಳ್ಳೆಯದು.

ವೈ-ಲಿಂಕ್: ಸೀಮೆನ್ಸ್ ಸಂಸ್ಥೆಯ ಎಸ್7-400ಎಚ್ ವ್ಯವಸ್ಥೆಯಲ್ಲಿ ಎರಡು ನಿಯಂತ್ರಕಗಳು ದ್ಯುತಿತಂತುವಿನ ಮೂಲಕ ಪರಸ್ಪರ ಹೊಂದಿಕೊಂಡು ನಡೆಯುತ್ತವೆ, ಪ್ರತಿಯೊಂದಕ್ಕೂ ತನ್ನದೇ ಪ್ರೊಫಿಬಸ್ ಡಿಪಿ ಜಾಲವಿರುತ್ತದೆ. ಈ ಎರಡು ಜಾಲಗಳನ್ನು ಒಂದು ಒಂಟಿ ಪ್ರೊಫಿಬಸ್ ಜಾಲಕ್ಕೆ ಸೇರಿಸುವ ಘಟಕವೇ ವೈ-ಲಿಂಕ್. ಎರಡು ಕವಲುಗಳು ಕೂಡಿ ಒಂದಾಗುವ ಆಕಾರ ರೋಮನ್ ಲಿಪಿಯ ವೈ ಅಕ್ಷರವನ್ನು ಹೋಲುತ್ತದೆ. ಇದರಲ್ಲಿ ಐಎಂ 153-2 ಎಂಬ ಎರಡು ಸಂಪರ್ಕ ಘಟಕಗಳೂ ವೈ-ಕಪ್ಲರ್ ಎಂಬ ಒಂದು ಘಟಕವೂ ಇರುತ್ತವೆ. ಮೇಲಿನಿಂದ ನೋಡಿದಾಗ ಇಡೀ ವೈ-ಲಿಂಕ್ ಒಂದು ಸ್ಲೇವ್‌ನಂತೆಯೂ, ಕೆಳಗಿನ ಸಾಧನಗಳ ದೃಷ್ಟಿಯಲ್ಲಿ ಅದೇ ಮಾಸ್ಟರ್‌ನಂತೆಯೂ ವರ್ತಿಸುತ್ತದೆ. ಹೀಗಾಗಿ ಮೇಲೆ ಸ್ಥಾನಾಂತರವಾದರೂ ಕೆಳಗಿನ ಸಾಧನಗಳಿಗೆ ಮಾಸ್ಟರ್ ಬದಲಾದ ಅನುಭವವಾಗುವುದಿಲ್ಲ. ಸಂಪರ್ಕ ಘಟಕಗಳು ಎರಡಿದ್ದರೂ ವೈ-ಕಪ್ಲರ್ ಮಾತ್ರ ಒಂದೇ. ಮೀಸಲು ಕೊನೆಗೊಳ್ಳುವ ಬಿಂದು ಅದೇ.

ರೆಡ್‌ಬಾಕ್ಸ್: ಈಥರ್ನೆಟ್ ಆಧಾರಿತ ಜಾಲಗಳಿಗೆ ಐಇಸಿ 62439-3 ಎಂಬ ಅಂತರರಾಷ್ಟ್ರೀಯ ಮಾನಕವು ಪಿಆರ್‌ಪಿ ಮತ್ತು ಎಚ್‌ಎಸ್‌ಆರ್ ಎಂಬ ಎರಡು ವಿಧಾನಗಳನ್ನು ನಿರೂಪಿಸಿದೆ. ಐಇಸಿ 61850 ಮಾನಕವನ್ನು ಅನುಸರಿಸುವ ವಿದ್ಯುತ್ ಉಪಕೇಂದ್ರಗಳಲ್ಲಿ ಇವು ಬಳಕೆಯಲ್ಲಿವೆ. ಪಿಆರ್‌ಪಿಯಲ್ಲಿ ಪ್ರತಿ ಸಂದೇಶದ ಎರಡು ಪ್ರತಿಗಳು ಎರಡು ಪ್ರತ್ಯೇಕ ಜಾಲಗಳಲ್ಲಿ ಏಕಕಾಲಕ್ಕೆ ಹೊರಡುತ್ತವೆ. ಸಂದೇಶದ ಕೊನೆಗೆ ಸೇರಿಸುವ 6 ಬೈಟ್‌ಗಳ ಬಾಲದಲ್ಲಿ ಕ್ರಮಸಂಖ್ಯೆ ಇರುತ್ತದೆ. ಮೊದಲು ತಲುಪಿದ ಪ್ರತಿಯನ್ನು ಸ್ವೀಕರಿಸಿ, ಅದೇ ಕ್ರಮಸಂಖ್ಯೆಯ ಎರಡನೆಯದನ್ನು ಕೈಬಿಡಲಾಗುತ್ತದೆ. ಒಂದು ಜಾಲ ಕಡಿದರೂ ಇನ್ನೊಂದರ ಪ್ರತಿ ಆಗಲೇ ದಾರಿಯಲ್ಲಿರುವುದರಿಂದ ಚೇತರಿಕೆಗೆ ಸಮಯವೇ ಬೇಕಾಗುವುದಿಲ್ಲ. ಎಚ್‌ಎಸ್‌ಆರ್‌ನಲ್ಲಿ ಎರಡು ಪ್ರತಿಗಳು ಒಂದೇ ಉಂಗುರದ ಎರಡು ದಿಕ್ಕುಗಳಲ್ಲಿ ಸಾಗುತ್ತವೆ.

ಒಂದು ದ್ವಾರದ ಸಾಮಾನ್ಯ ಸಾಧನವನ್ನು ಪಿಆರ್‌ಪಿಯ ಒಂದು ಜಾಲಕ್ಕೆ ನೇರವಾಗಿ ಸೇರಿಸಬಹುದು. ಆದರೆ ಆಗ ಅದಕ್ಕೆ ಆ ಜಾಲದ ಆಸರೆ ಮಾತ್ರ ಇರುತ್ತದೆ. ಎಚ್‌ಎಸ್‌ಆರ್ ಉಂಗುರಕ್ಕೆ ಅಂತಹ ಸಾಧನವನ್ನು ನೇರವಾಗಿ ಸೇರಿಸಲಾಗದು. ಈ ಎರಡೂ ಸಂದರ್ಭಗಳಲ್ಲಿ ನೆರವಾಗುವುದು ರೆಡ್‌ಬಾಕ್ಸ್. ಅದು ಸಾಮಾನ್ಯ ಸಾಧನದ ಪರವಾಗಿ ಪ್ರತಿಗಳನ್ನು ಸೃಷ್ಟಿಸಿ ಕಳುಹಿಸುತ್ತದೆ. ಬಂದ ಪ್ರತಿಗಳಲ್ಲಿ ಒಂದನ್ನು ಮಾತ್ರ ಸಾಧನಕ್ಕೆ ದಾಟಿಸುತ್ತದೆ. ರೆಡ್‌ಬಾಕ್ಸ್‌ನಿಂದ ಸಾಧನದವರೆಗಿನ ತಂತಿ ಇಲ್ಲಿಯೂ ಒಂಟಿಯಾಗಿಯೇ ಉಳಿಯುತ್ತದೆ.

ಲಭ್ಯತೆಯ ಲೆಕ್ಕ

ವ್ಯವಸ್ಥೆಯು ಒಟ್ಟು ಕಾಲದಲ್ಲಿ ಎಷ್ಟು ಭಾಗ ಕೆಲಸಕ್ಕೆ ಒದಗುತ್ತದೆ ಎಂಬುದೇ ಅದರ ಲಭ್ಯತೆ. ಮೀಸಲು ಎಲ್ಲಿ ಉಪಯುಕ್ತ ಎಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ವರ್ಷಕ್ಕೆ 8,760 ಗಂಟೆಗಳೆಂದೂ, ಘಟಕಗಳು ಒಂದರಿಂದ ಮತ್ತೊಂದು ಸ್ವತಂತ್ರವಾಗಿ ಕೆಡುತ್ತವೆಂದೂ ಭಾವಿಸೋಣ.

ಒಂದು ನಿಯಂತ್ರಕದ ಲಭ್ಯತೆ 0.99 ಆಗಿದ್ದರೆ ಅದು ವರ್ಷಕ್ಕೆ ಸುಮಾರು 87.6 ಗಂಟೆ ಕೆಲಸಕ್ಕೆ ಒದಗುವುದಿಲ್ಲ. ಅಂತಹ ಎರಡನ್ನು ಜೋಡಿಯಾಗಿ ಇಟ್ಟರೆ ಎರಡೂ ಒಟ್ಟಿಗೆ ಕೆಟ್ಟಿರುವ ಸಂಭವನೀಯತೆ 0.01ನ್ನು 0.01ರಿಂದ ಗುಣಿಸಿದಷ್ಟು, ಅಂದರೆ 0.0001. ಜೋಡಿಯ ಲಭ್ಯತೆ 0.9999, ನಿಲುಗಡೆ ವರ್ಷಕ್ಕೆ ಸುಮಾರು 53 ನಿಮಿಷ.

ಈಗ 0.999 ಲಭ್ಯತೆಯ ಒಂದು ಗೇಟ್‌ವೇಯನ್ನು ಸರಣಿಯಲ್ಲಿ ಸೇರಿಸಿದರೆ ಒಟ್ಟು ಲಭ್ಯತೆ 0.9989ಕ್ಕೆ ಇಳಿಯುತ್ತದೆ, ನಿಲುಗಡೆ ಸುಮಾರು 9.6 ಗಂಟೆಗೆ ಏರುತ್ತದೆ. ಗೇಟ್‌ವೇಯನ್ನೂ ಜೋಡಿಯಾಗಿಸಿದರೆ ನಿಲುಗಡೆ ಮತ್ತೆ ಸುಮಾರು 53 ನಿಮಿಷಕ್ಕೆ ಬರುತ್ತದೆ. ಆದರೆ ಕೆಳಗಿರುವ ಒಂಟಿ ಸಾಧನದ ಲಭ್ಯತೆ 0.995 ಎಂದಾದರೆ, ಆ ಸಾಧನದ ಮಟ್ಟದಲ್ಲಿ ನಿಲುಗಡೆ ಒಂದು ಗೇಟ್‌ವೇಯೊಂದಿಗೆ ಸುಮಾರು 53 ಗಂಟೆ, ಜೋಡಿ ಗೇಟ್‌ವೇಯೊಂದಿಗೆ ಸುಮಾರು 45 ಗಂಟೆ. ಅಂದರೆ ಉಳಿದ ನಿಲುಗಡೆಯ ಬಹುಪಾಲು ಸಾಧನದ್ದೇ. ಮೇಲಿನ ಮೀಸಲನ್ನು ಎಷ್ಟು ಹೆಚ್ಚಿಸಿದರೂ ಅದು ಕಡಿಮೆಯಾಗದು.

ಆದರೂ ಜೋಡಿ ಗೇಟ್‌ವೇ ವ್ಯರ್ಥವೆಂದು ಇದರಿಂದ ತೀರ್ಮಾನಿಸಲಾಗದು. ಒಂದು ಗೇಟ್‌ವೇಯ ಕೆಳಗೆ ಹತ್ತು ಪಂಪುಗಳಿದ್ದರೆ, ಪಂಪಿನ ದೋಷವು ಒಂದು ಪಂಪನ್ನು ನಿಲ್ಲಿಸುತ್ತದೆ. ಗೇಟ್‌ವೇಯ ದೋಷವು ಹತ್ತನ್ನೂ ಒಟ್ಟಿಗೆ ಕೈತಪ್ಪಿಸುತ್ತದೆ. ಪರಸ್ಪರ ಬದಲಿಯಾಗಿ ಇಟ್ಟಿರುವ ಎರಡು ಪಂಪುಗಳನ್ನು ಒಂದೇ ಗೇಟ್‌ವೇಗೆ ಸೇರಿಸಿದರೆ ಆ ಪಂಪುಗಳ ಮೀಸಲು ಹೆಸರಿಗೆ ಮಾತ್ರ ಉಳಿಯುತ್ತದೆ. ಅಂತಹ ಸಾಧನಗಳನ್ನು ಬೇರೆ ಬೇರೆ ಗೇಟ್‌ವೇಗಳಿಗೆ ಹಂಚುವುದು ಕಡಿಮೆ ಖರ್ಚಿನ, ಹೆಚ್ಚು ಫಲದ ಉಪಾಯ.

ಸ್ಥಾನಾಂತರದ ಕ್ಷಣದ ಸಮಸ್ಯೆಗಳು

ಅನೇಕ ಸಾಧನಗಳಲ್ಲಿ ವಾಚ್‌ಡಾಗ್ ಎಂಬ ಕಾವಲು ಗಡಿಯಾರ ಇರುತ್ತದೆ. ನಿಗದಿತ ಅವಧಿಯಲ್ಲಿ ಮಾಸ್ಟರ್‌ನಿಂದ ಸಂದೇಶ ಬಾರದಿದ್ದರೆ ಸಾಧನವು ತನ್ನ ಹೊರಹರಿವನ್ನು ಸುರಕ್ಷಿತ ಸ್ಥಿತಿಗೆ ಒಯ್ಯುತ್ತದೆ. ಸಾಮಾನ್ಯವಾಗಿ ಮೋಟಾರು ನಿಲ್ಲುತ್ತದೆ ಅಥವಾ ಕವಾಟ ಮುಚ್ಚುತ್ತದೆ. ಉದಾಹರಣೆಗೆ ಹಾರ್ಟ್‌ಬೀಟ್ ಅರ್ಧ ಸೆಕೆಂಡಿಗೊಮ್ಮೆ ಬರುತ್ತಿದ್ದು, ಮೂರು ಬಾರಿ ತಪ್ಪಿದ ಮೇಲೆ ವೈಫಲ್ಯವೆಂದು ತೀರ್ಮಾನಿಸಿ, ಮೀಸಲು ಗೇಟ್‌ವೇ ಅರ್ಧ ಸೆಕೆಂಡಿನಲ್ಲಿ ಹೊಣೆ ವಹಿಸಿಕೊಳ್ಳುತ್ತದೆ ಎಂದುಕೊಂಡರೆ ಒಟ್ಟು 2 ಸೆಕೆಂಡು ಬೇಕು. ಸಾಧನದ ವಾಚ್‌ಡಾಗ್ 1 ಸೆಕೆಂಡಿಗೆ ಹೊಂದಿಸಿದ್ದರೆ, ಸ್ಥಾನಾಂತರ ಯಶಸ್ವಿಯಾಗುವ ಮೊದಲೇ ಯಂತ್ರ ನಿಂತಿರುತ್ತದೆ. ಮೀಸಲು ಇದ್ದೂ ಇಲ್ಲದಂತಾಗುವ ಸಂದರ್ಭ ಇದು. ವಾಚ್‌ಡಾಗ್ ಅವಧಿಯನ್ನು ಸ್ಥಾನಾಂತರದ ಅವಧಿಗಿಂತ ಹೆಚ್ಚಾಗಿ ಇಡಬೇಕು. ಅಷ್ಟು ಕಾಲ ಆದೇಶವಿಲ್ಲದೆ ನಡೆದರೆ ಪ್ರಕ್ರಿಯೆಗೆ ಹಾನಿಯಿಲ್ಲವೇ ಎಂಬುದನ್ನೂ ಪರಿಶೀಲಿಸಬೇಕು.

ಇನ್ನೊಂದು ಸಮಸ್ಯೆ ಆದೇಶದ ಪುನರಾವೃತ್ತಿ. ಸಕ್ರಿಯ ಗೇಟ್‌ವೇ ಒಂದು ಆದೇಶವನ್ನು ಸಾಧನಕ್ಕೆ ತಲುಪಿಸಿ, ಅದರ ಸ್ವೀಕೃತಿಯನ್ನು ಮೇಲಕ್ಕೆ ತಿಳಿಸುವ ಮುನ್ನವೇ ಕೆಟ್ಟರೆ, ಹೊಣೆ ವಹಿಸಿಕೊಂಡ ಗೇಟ್‌ವೇ ಅದೇ ಆದೇಶವನ್ನು ಮತ್ತೆ ಕಳುಹಿಸಬಹುದು. ‘ಕವಾಟವನ್ನು 40 ಶೇಕಡಾ ತೆರೆ’ ಎಂಬ ಆದೇಶ ಎರಡು ಬಾರಿ ತಲುಪಿದರೂ ತೊಂದರೆಯಿಲ್ಲ. ‘ಇನ್ನೂ 10 ಶೇಕಡಾ ತೆರೆ’ ಎಂಬ ಆದೇಶ ಎರಡು ಬಾರಿ ತಲುಪಿದರೆ ಫಲಿತಾಂಶವೇ ಬೇರೆಯಾಗುತ್ತದೆ. ಆದ್ದರಿಂದ ಗೇಟ್‌ವೇಯ ಮೂಲಕ ಸಾಗುವ ಆದೇಶಗಳು ತಲುಪಬೇಕಾದ ಸ್ಥಿತಿಯನ್ನು ಹೇಳುವಂತಿರಬೇಕು. ಬದಲಾವಣೆಯ ಪ್ರಮಾಣವನ್ನು ಹೇಳುವಂತಿರಬಾರದು.

ಹೊಸದಾಗಿ ಸಕ್ರಿಯವಾದ ಗೇಟ್‌ವೇಯ ಕೋಷ್ಟಕ ಆರಂಭದಲ್ಲಿ ಖಾಲಿಯಿದ್ದು, ಎಲ್ಲ ಮೌಲ್ಯಗಳೂ ಸೊನ್ನೆಯಾಗಿರುವ ಸಾಧ್ಯತೆಯೂ ಇದೆ. ಸಾಧನಗಳಿಂದ ಒಂದು ಸುತ್ತು ಉತ್ತರ ಪಡೆಯುವವರೆಗೆ ಆ ಸೊನ್ನೆಗಳನ್ನು ನಂಬಲರ್ಹವಲ್ಲವೆಂದು ಗುರುತಿಸದಿದ್ದರೆ, ನಿಯಂತ್ರಕವು ಟ್ಯಾಂಕು ಬರಿದಾಗಿದೆ ಎಂದು ತಿಳಿದು ಪಂಪನ್ನು ಚಾಲೂ ಮಾಡಬಹುದು.

ಸಮಾನ ಕಾರಣದ ವೈಫಲ್ಯ

ಮೇಲಿನ ಲೆಕ್ಕವು ಘಟಕಗಳು ಸ್ವತಂತ್ರವಾಗಿ ಕೆಡುತ್ತವೆ ಎಂಬ ಊಹೆಯನ್ನು ಆಧರಿಸಿದೆ. ಎರಡು ಗೇಟ್‌ವೇಗಳು ಒಂದೇ ವಿದ್ಯುತ್ ಮೂಲದಿಂದ ನಡೆಯುತ್ತಿದ್ದರೆ, ಒಂದೇ ಪೆಟ್ಟಿಗೆಯಲ್ಲಿ ಒಂದೇ ಫ್ಯಾನಿನ ಕೆಳಗೆ ಕುಳಿತಿದ್ದರೆ ಅಥವಾ ಒಂದೇ ದೋಷವುಳ್ಳ ತಂತ್ರಾಂಶವನ್ನು ನಡೆಸುತ್ತಿದ್ದರೆ ಆ ಊಹೆ ನಿಲ್ಲುವುದಿಲ್ಲ. ಎರಡನ್ನೂ ಏಕಕಾಲಕ್ಕೆ ಕೆಡಿಸುವ ಇಂತಹ ಘಟನೆಯನ್ನು ಸಮಾನ ಕಾರಣದ ವೈಫಲ್ಯ ಎನ್ನುತ್ತಾರೆ.

ಇದಕ್ಕೆ ಪ್ರಸಿದ್ಧ ನಿದರ್ಶನ ಅಮೆರಿಕದ ಅಲಬಾಮಾ ರಾಜ್ಯದ ಬ್ರೌನ್ಸ್ ಫೆರಿ ಪರಮಾಣು ವಿದ್ಯುತ್ ಸ್ಥಾವರದಲ್ಲಿ 2006ರ ಆಗಸ್ಟ್ 19ರಂದು ನಡೆದ ಘಟನೆ. ಅಲ್ಲಿನ ಮೂರನೆಯ ಘಟಕದಲ್ಲಿ ರಿಯಾಕ್ಟರಿನ ನೀರನ್ನು ಪುನಃ ಪರಿಚಲಿಸುವ ಎರಡು ಪಂಪುಗಳೂ ನಿಂತುಹೋದವು. ನಿರ್ವಾಹಕರು ರಿಯಾಕ್ಟರನ್ನು ಕೈಯಾರೆ ಸ್ಥಗಿತಗೊಳಿಸಿದರು. ಪ್ರತಿ ಪಂಪಿನ ವೇಗವನ್ನು ನಿಯಂತ್ರಿಸುವ ಚಾಲಕಗಳು ಬೇರೆ ಬೇರೆಯಾಗಿದ್ದವು. ಆದರೆ ಅವುಗಳ ನಿಯಂತ್ರಕಗಳು ಸ್ಥಾವರದ ಒಂದೇ ಈಥರ್ನೆಟ್ ಜಾಲಕ್ಕೆ ಸೇರಿದ್ದವು. ಆ ಜಾಲದಲ್ಲಿ ಉಂಟಾದ ಅತಿಯಾದ ಸಂದೇಶ ದಟ್ಟಣೆಯಿಂದ ಎರಡೂ ನಿಯಂತ್ರಕಗಳು ಪ್ರತಿಕ್ರಿಯಿಸದಾದವು ಎಂದು ತನಿಖೆಯಿಂದ ತಿಳಿದುಬಂದಿತು. ಅಮೆರಿಕದ ಪರಮಾಣು ನಿಯಂತ್ರಣ ಆಯೋಗವು 2007ರಲ್ಲಿ ಈ ಕುರಿತು ಇತರ ಸ್ಥಾವರಗಳಿಗೆ ಮಾಹಿತಿ ಸೂಚನೆಯನ್ನು ಹೊರಡಿಸಿತು. ಸುಲಭವಾಗಿ ಬಾಧಿತವಾಗಬಲ್ಲ ಸಾಧನಗಳತ್ತ ಹೋಗುವ ಸಂದೇಶಗಳನ್ನು ಮಿತಗೊಳಿಸಲು ಸ್ಥಾವರದಲ್ಲಿ ಫೈರ್‌ವಾಲ್‌ಗಳನ್ನು ಅಳವಡಿಸಲಾಯಿತು. ಇದು ಗೇಟ್‌ವೇಯ ದೋಷವಲ್ಲವಾದರೂ, ಹಂಚಿಕೊಂಡ ಜಾಲವೊಂದು ಪ್ರತ್ಯೇಕ ಸಾಧನಗಳನ್ನು ಒಟ್ಟಿಗೆ ಕೆಡಿಸಬಲ್ಲದು ಎಂಬುದಕ್ಕೆ ಸಾಕ್ಷಿಯಾಗಿದೆ. ಗೇಟ್‌ವೇಯನ್ನು ಸರಿಯಾಗಿ ರೂಪಿಸಿದರೆ ಅದು ಅನಗತ್ಯ ಸಂದೇಶಗಳನ್ನು ತಡೆದು ಇಂತಹ ದಟ್ಟಣೆಗೆ ಅಣೆಕಟ್ಟಿನಂತೆ ಕೆಲಸ ಮಾಡಬಲ್ಲದು.

ಪರೀಕ್ಷೆ ಮತ್ತು ನಿರ್ವಹಣೆ

ಸಕ್ರಿಯ ಘಟಕ ಕೆಟ್ಟರೆ ಕೂಡಲೇ ಗೊತ್ತಾಗುತ್ತದೆ. ಮೀಸಲು ಘಟಕ ಕೆಟ್ಟರೆ, ಅದರ ಅಗತ್ಯ ಬೀಳುವ ದಿನದವರೆಗೂ ಗೊತ್ತಾಗದಿರಬಹುದು. ಹಾಗಾಗಿ ಮೀಸಲು ಗೇಟ್‌ವೇಯ ಸ್ಥಿತಿಯನ್ನು ನಿಯಂತ್ರಣ ಕೊಠಡಿಯ ಪರದೆಯಲ್ಲಿ ತೋರಿಸಿ, ಅದು ಕೆಟ್ಟಾಗಲೂ ಎಚ್ಚರಿಕೆ ಮೊಳಗುವಂತೆ ಮಾಡಬೇಕು. ನಿಗದಿತ ಕಾಲಕ್ಕೊಮ್ಮೆ ಉದ್ದೇಶಪೂರ್ವಕವಾಗಿ ಸ್ಥಾನಾಂತರ ಮಾಡಿ ನೋಡುವ ಪದ್ಧತಿಯೂ ಇದೆ.

ಸ್ಥಾಪನೆಯ ಸಮಯದಲ್ಲಿ ಪ್ರತಿ ನಿಯಂತ್ರಕ, ಗೇಟ್‌ವೇ, ತಂತಿ ಮತ್ತು ವಿದ್ಯುತ್ ಮೂಲವನ್ನು ಒಂದೊಂದಾಗಿ ಕಳಚಿ, ಯಂತ್ರದ ವರ್ತನೆಯನ್ನು ದಾಖಲಿಸಲಾಗುತ್ತದೆ. ಕಳಚಿದ್ದನ್ನು ಮರಳಿ ಸೇರಿಸುವಾಗಲೂ ಅಷ್ಟೇ ಎಚ್ಚರ ಬೇಕು. ಚೇತರಿಸಿಕೊಂಡ ಗೇಟ್‌ವೇ ಹಳೆಯ ಮಾಹಿತಿಯೊಂದಿಗೆ ತಾನೇ ಸಕ್ರಿಯವೆಂದು ಹಕ್ಕು ಸಾಧಿಸಬಾರದು. ಎರಡು ಗೇಟ್‌ವೇಗಳ ಹೊಂದಾಣಿಕೆ ಕಡತಗಳು ಒಂದೇ ಆಗಿರಬೇಕು. ಒಂದರಲ್ಲಿ ಹೊಸ ಸಾಧನವನ್ನು ಸೇರಿಸಿ ಇನ್ನೊಂದರಲ್ಲಿ ಮರೆತಿದ್ದರೆ, ಸ್ಥಾನಾಂತರವಾದೊಡನೆ ಆ ಸಾಧನ ಕಾಣೆಯಾಗುತ್ತದೆ.

ಸುರಕ್ಷತೆ ಮತ್ತು ಮಿತಿಗಳು

ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು ಬೇರೆ, ಅಪಾಯದಲ್ಲಿ ಕೆಲಸವನ್ನು ಸುರಕ್ಷಿತವಾಗಿ ನಿಲ್ಲಿಸುವುದು ಬೇರೆ. ಮೊದಲನೆಯದು ಲಭ್ಯತೆ, ಎರಡನೆಯದು ಸುರಕ್ಷತೆ. ಐಇಸಿ 61508 ಮತ್ತು ಪ್ರಕ್ರಿಯಾ ಕೈಗಾರಿಕೆಗಳಿಗೆ ಸಂಬಂಧಿಸಿದ ಐಇಸಿ 61511 ಮಾನಕಗಳು ಸುರಕ್ಷತಾ ವ್ಯವಸ್ಥೆಗಳಿಗೆ ಪ್ರತ್ಯೇಕ ನಿಯಮಗಳನ್ನು ವಿಧಿಸಿವೆ. ಸಾಮಾನ್ಯ ಮಾಹಿತಿಗಾಗಿ ತಯಾರಾದ ಗೇಟ್‌ವೇಯ ಮೇಲೆ ತುರ್ತು ನಿಲುಗಡೆಯಂತಹ ಕಾರ್ಯವನ್ನು ಅವಲಂಬಿಸುವಂತಿಲ್ಲ. ಅದನ್ನು ನೇರ ತಂತಿಯ ಮೂಲಕ ಅಥವಾ ಸುರಕ್ಷತೆಗೆಂದೇ ಪ್ರಮಾಣೀಕೃತವಾದ ಸಂವಹನದ ಮೂಲಕ ನೆರವೇರಿಸಲಾಗುತ್ತದೆ. ಮುಖ್ಯ ನಿಯಂತ್ರಕದ ಸಂಪರ್ಕ ತಪ್ಪಿದರೂ ಸ್ಥಳದಲ್ಲಿಯೇ ಯಂತ್ರವನ್ನು ನಡೆಸಲು ಅಥವಾ ನಿಲ್ಲಿಸಲು ಕೈನಿಯಂತ್ರಣದ ಗುಂಡಿಗಳನ್ನು ಇಡುವುದೂ ಇದೇ ಕಾರಣಕ್ಕೆ.

ಮಾಹಿತಿ ಭದ್ರತೆಯ ದೃಷ್ಟಿಯಿಂದ ಗೇಟ್‌ವೇ ಒಂದು ಗಡಿಯ ಬಾಗಿಲು. ಮಾಡ್‌ಬಸ್‌ನ ಮೂಲ ರೂಪದಲ್ಲಿ ಆದೇಶ ಕಳುಹಿಸಿದವರು ಯಾರೆಂದು ಪರಿಶೀಲಿಸುವ ಏರ್ಪಾಡಿಲ್ಲ. ಜಾಲವನ್ನು ತಲುಪಿದ ಯಾರ ಆದೇಶವನ್ನಾದರೂ ಸಾಧನ ಪಾಲಿಸುತ್ತದೆ. ಕೈಗಾರಿಕಾ ಭದ್ರತೆಯ ಐಇಸಿ 62443 ಮಾನಕ ಸರಣಿಯು ಸ್ಥಾವರವನ್ನು ವಲಯಗಳಾಗಿ ವಿಂಗಡಿಸಿ, ವಲಯಗಳ ನಡುವಿನ ಮಾರ್ಗಗಳನ್ನು ಕಾಯುವಂತೆ ಸೂಚಿಸುತ್ತದೆ. ಕೇವಲ ಓದಬೇಕಾದ ಸಾಧನಗಳಿಗೆ ಬರೆಯುವ ಆದೇಶಗಳನ್ನು ಗೇಟ್‌ವೇಯಲ್ಲಿಯೇ ತಡೆಯುವುದು ಈ ದಿಕ್ಕಿನ ಒಂದು ಸರಳ ಕ್ರಮ. ಜೋಡಿ ಗೇಟ್‌ವೇ ಇರುವಲ್ಲಿ ಈ ತಡೆಯನ್ನು ಎರಡರಲ್ಲಿಯೂ ಒಂದೇ ರೀತಿಯಲ್ಲಿ ಅಳವಡಿಸಬೇಕಾಗುತ್ತದೆ.